ಓಡದ ಕಾರಿನ ಆಯಿಲ್ ಕೂಡ ಹಳತಾಗುತ್ತದೆ: ಹೊಸ ಕಾರಿನ ಮಾಲೀಕರು ತಿಳಿದಿರಬೇಕಾದ ಸಂಗತಿಗಳು

ಮಧ್ಯಮ ವರ್ಗದ ಕುಟುಂಬವೊಂದು ಮನೆಯ ನಂತರ ಮಾಡುವ ಅತಿ ದೊಡ್ಡ ಖರೀದಿ ಬಹುಮಟ್ಟಿಗೆ ಕಾರೇ ಆಗಿರುತ್ತದೆ. ಸಾಲದ ಕಂತು, ವಿಮೆ, ಇಂಧನದ ಖರ್ಚು ಎಲ್ಲವನ್ನೂ ಲೆಕ್ಕ ಹಾಕಿಯೇ ಜನ ಶೋರೂಂ ಮೆಟ್ಟಿಲು ಹತ್ತುತ್ತಾರೆ. ಆದರೆ ಆ ಕಾರಿನ ಎಂಜಿನ್ ಸಾಲ ತೀರುವ ಹೊತ್ತಿಗೇ ದಣಿಯುವುದೋ ಅಥವಾ ಸಾಲ ತೀರಿ ಹತ್ತು ವರ್ಷವಾದರೂ ಸದ್ದಿಲ್ಲದೆ ದುಡಿಯುವುದೋ ಎಂಬುದು ಎರಡು ಸಣ್ಣ ಸಂಗತಿಗಳನ್ನು ಬಹಳಷ್ಟು ಅವಲಂಬಿಸಿದೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ನಂತರದ ಮೊದಲ ಕೆಲವು ನಿಮಿಷಗಳಲ್ಲಿ ಅದನ್ನು ಹೇಗೆ ನಡೆಸಿಕೊಳ್ಳಲಾಗುತ್ತದೆ ಎಂಬುದು ಒಂದು. ಎಂಜಿನ್ ಆಯಿಲನ್ನು ಯಾವಾಗ ಬದಲಿಸಲಾಗುತ್ತದೆ, ಯಾವ ಆಯಿಲ್ ತುಂಬಲಾಗುತ್ತದೆ ಎಂಬುದು ಇನ್ನೊಂದು.

ಈ ಎರಡರ ಬಗೆಗೂ ತಪ್ಪು ತಿಳಿವಳಿಕೆಗಳು ಬೇರೂರಿವೆ. 'ಕಾರು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಕೂಡ ಓಡಿಲ್ಲ, ಈಗಲೇ ಆಯಿಲ್ ಬದಲಿಸುವ ಅಗತ್ಯವೇನು?' ಎಂಬುದು ನಗರವಾಸಿಗಳ ಸಾಮಾನ್ಯ ಪ್ರಶ್ನೆ. 'ತಣ್ಣಗಿನ ಎಂಜಿನ್ನಿನ ಚಿಂತೆ ಹಿಮ ಬೀಳುವ ದೇಶದವರಿಗೆ, ನಮಗಲ್ಲ' ಎಂಬುದು ಅಷ್ಟೇ ಸಾಮಾನ್ಯವಾದ ನಂಬಿಕೆ. ವಾಸ್ತವದಲ್ಲಿ, ಕಡಿಮೆ ಓಡುವ ನಗರದ ಕಾರಿನ ಆಯಿಲ್, ಹೆದ್ದಾರಿಯಲ್ಲಿ ಸದಾ ಓಡುವ ಕಾರಿನ ಆಯಿಲ್‌ಗಿಂತ ಬೇಗ ಕೆಡುತ್ತದೆ. ಅದಕ್ಕೆ ಕಾರಣ ತಣ್ಣಗಿನ ಎಂಜಿನ್ನೇ.

ಆಯಿಲ್ ಮಾಡುವ ಕೆಲಸ

ಎಂಜಿನ್ ಆಯಿಲ್ ಎಂದರೆ ಲೋಹಗಳ ನಡುವೆ ಜಾರಿಕೆ ಒದಗಿಸುವ ಎಣ್ಣೆ ಎಂದಷ್ಟೇ ಹಲವರು ಭಾವಿಸುತ್ತಾರೆ. ಅದರ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಪಿಸ್ಟನ್, ಬೇರಿಂಗ್‌ಗಳ ಶಾಖವನ್ನು ಅದು ಹೊತ್ತೊಯ್ಯುತ್ತದೆ. ಇಂಧನ ಉರಿದಾಗ ಉಂಟಾಗುವ ಮಸಿ ಹಾಗೂ ಆಮ್ಲಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ಸಂದನ್ನು ಮುಚ್ಚುತ್ತದೆ. ತುಕ್ಕು ಹಿಡಿಯದಂತೆ ಲೋಹವನ್ನು ಕಾಯುತ್ತದೆ.

ಈ ಕೆಲಸಗಳಲ್ಲಿ ಹಲವನ್ನು ಮೂಲ ಎಣ್ಣೆಯೊಂದೇ ಮಾಡಲಾರದು. ಅದಕ್ಕೆ ಬೆರೆಸಿರುವ ರಾಸಾಯನಿಕಗಳು ಆ ಭಾರವನ್ನು ಹೊರುತ್ತವೆ. ಮಸಿಯನ್ನು ಗಂಟು ಕಟ್ಟಲು ಬಿಡದಿರುವುದು, ಆಮ್ಲವನ್ನು ಶಮನಗೊಳಿಸುವುದು, ಲೋಹದ ಮೇಲೆ ರಕ್ಷಣೆಯ ಪದರ ಕಟ್ಟುವುದು ಅವುಗಳ ಹೊಣೆ. ದಿನ ಕಳೆದಂತೆ ಇವು ಖರ್ಚಾಗುತ್ತವೆ. ಆದ್ದರಿಂದಲೇ, ಆಯಿಲ್ ಅಳತೆ ಸರಿಯಾಗಿದ್ದರೂ ಅದರ ಶಕ್ತಿ ಕುಂದಿರಬಹುದು. 'ಕಡಿಮೆಯಾದಾಗ ಮೇಲಷ್ಟು ಸುರಿದರೆ ಸಾಕು' ಎಂಬ ವಾದ ನಿಲ್ಲದಿರುವುದು ಇಲ್ಲಿಯೇ.

ಚಳಿಗೂ 'ಕೋಲ್ಡ್ ಸ್ಟಾರ್ಟ್'ಗೂ ಅಂತರವಿದೆ

ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ಮಾತು. ಈ ಪ್ರಮಾಣದ ಚಳಿಯಿಂದ ಇಂದಿನ ಯಾವ ಕಾರೂ ಚಾಲೂ ಆಗದೆ ನಿಲ್ಲುವುದಿಲ್ಲ. ಆದರೆ ಎಂಜಿನ್ನಿನ ದೃಷ್ಟಿಯಲ್ಲಿ 'ತಣ್ಣಗೆ' ಎಂಬುದರ ಅರ್ಥ ಬೇರೆ. ಅದರ ಬಿಡಿಭಾಗಗಳ ನಡುವಿನ ಸಂದು, ಇಂಧನ ಪೂರೈಕೆಯ ಪ್ರಮಾಣ, ಆಯಿಲ್‌ನ ಹರಿವು ಎಲ್ಲವೂ ಸುಮಾರು 90 ಡಿಗ್ರಿ ಉಷ್ಣಾಂಶದಲ್ಲಿ ದುಡಿಯುವಂತೆ ರೂಪಿತವಾಗಿವೆ. ಡಿಸೆಂಬರಿನ ಮಡಿಕೇರಿಯಲ್ಲಾಗಲಿ, ಮೇ ತಿಂಗಳ ಕಲಬುರಗಿಯಲ್ಲಾಗಲಿ, ರಾತ್ರಿಯಿಡೀ ನಿಂತ ಎಂಜಿನ್ ಆ ಮಟ್ಟಕ್ಕಿಂತ ಬಹಳ ಕೆಳಗೇ ಇರುತ್ತದೆ.

ಸಾಮಾನ್ಯ ದರ್ಜೆಯ ಆಯಿಲ್ 100 ಡಿಗ್ರಿಯಲ್ಲಿ ಹರಿಯುವುದಕ್ಕೆ ಹೋಲಿಸಿದರೆ 20 ಡಿಗ್ರಿಯಲ್ಲಿ ಹತ್ತು ಪಟ್ಟಿಗೂ ಹೆಚ್ಚು ಮಂದವಾಗಿರುತ್ತದೆ. ಕಾರು ನಿಂತಾಗ ಆಯಿಲ್ ಬಹುಪಾಲು ಕೆಳಗಿನ ಸಂಪ್‌ಗೆ ಇಳಿದಿರುತ್ತದೆ. ಬೇರಿಂಗ್‌ಗಳ ಮೇಲೆ ಉಳಿಯುವುದು ತೆಳುವಾದ ಪದರ ಮಾತ್ರ. ಎಂಜಿನ್ ಚಾಲೂ ಆದೊಡನೆ ಪಂಪ್ ಆಯಿಲನ್ನು ಮೇಲಕ್ಕೆತ್ತಿ ಮೂಲೆ ಮೂಲೆಗೂ ತಲುಪಿಸಬೇಕು. ಆ ಕೆಲವು ಕ್ಷಣಗಳಲ್ಲಿ ಮತ್ತು ಅನಂತರದ ತಣ್ಣಗಿನ ಓಟದಲ್ಲಿ ಆಗುವ ಸವೆತ, ಬಿಸಿಯೇರಿದ ಎಂಜಿನ್ ಅಷ್ಟೇ ಹೊತ್ತು ಓಡಿದಾಗ ಆಗುವುದಕ್ಕಿಂತ ಹೆಚ್ಚು.

ಕಡಿಮೆ ಓಡುವ ಕಾರಿಗೇ ಹೆಚ್ಚು ಕಷ್ಟ

ಒಂದು ಲೀಟರ್ ಪೆಟ್ರೋಲ್ ಪೂರ್ತಿಯಾಗಿ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಬೆಳಗಿನ ಹೊತ್ತು ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕುವ ನೀರು ಇದೇ. ಹೆಚ್ಚಿನ ಆವಿ ಹೊಗೆಯೊಂದಿಗೆ ಹೊರಹೋಗುತ್ತದೆಯಾದರೂ, ಅಲ್ಪ ಭಾಗ ಪಿಸ್ಟನ್ ರಿಂಗ್‌ಗಳನ್ನು ದಾಟಿ ಆಯಿಲ್ ಇರುವ ಕೋಣೆಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದರೆ ಅದು ಮತ್ತೆ ಆವಿಯಾಗಿ ಹೊರಟುಹೋಗುತ್ತದೆ. ತಣ್ಣಗಿದ್ದರೆ ಅಲ್ಲಿಯೇ ಹನಿಗಟ್ಟಿ ಆಯಿಲ್ ಜೊತೆ ಬೆರೆಯುತ್ತದೆ.

ಇಂಧನದ ಕಥೆಯೂ ಇದೇ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಸುಲಭವಾಗಿ ಆವಿಯಾಗದ ಕಾರಣ, ಕಂಪ್ಯೂಟರ್ ನಿಯಂತ್ರಿತ ಇಂಜೆಕ್ಟರ್‌ಗಳು ಆ ಹೊತ್ತಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಇಂಧನ ಸಿಂಪಡಿಸುತ್ತವೆ. ಉರಿಯದೆ ಉಳಿದ ಭಾಗ ಸಿಲಿಂಡರ್ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಪೆಟ್ರೋಲ್ ಸೇರಿದ ಆಯಿಲ್ ತೆಳುವಾಗುತ್ತದೆ.

ಮನೆಯಿಂದ ಎರಡು ಮೂರು ಕಿಲೋಮೀಟರ್ ದೂರದ ಶಾಲೆಗೆ ಮಕ್ಕಳನ್ನು ಬಿಟ್ಟು ಬರುವುದು, ಸಂಜೆ ಮಾರುಕಟ್ಟೆಗೆ ಹೋಗಿ ಬರುವುದು, ಉಳಿದಂತೆ ಕಾರು ನೆಲಮಾಳಿಗೆಯಲ್ಲಿ ನಿಂತಿರುವುದು ನಗರದ ಸಾವಿರಾರು ಮನೆಗಳ ದಿನಚರಿ. ಇಷ್ಟು ದೂರದಲ್ಲಿ ಡ್ಯಾಶ್‌ಬೋರ್ಡಿನ ಉಷ್ಣಾಂಶದ ಮುಳ್ಳು ಮಧ್ಯಕ್ಕೆ ಬರುವುದೇ ಕಷ್ಟ. ಬಂದರೂ ಅದು ತೋರಿಸುವುದು ಕೂಲೆಂಟ್ ನೀರಿನ ಬಿಸಿಯನ್ನು. ಆಯಿಲ್ ಪೂರ್ಣ ಬಿಸಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹೀಗಾಗಿ ಪ್ರತಿ ಓಟದಲ್ಲೂ ಒಂದಿಷ್ಟು ನೀರು, ಒಂದಿಷ್ಟು ಪೆಟ್ರೋಲ್ ಆಯಿಲ್‌ಗೆ ಸೇರುತ್ತಲೇ ಹೋಗುತ್ತವೆ. ಹೊರಹೋಗುವ ಅವಕಾಶ ಅವಕ್ಕೆ ಸಿಗುವುದಿಲ್ಲ. ತಮ್ಮ ಕಾರು ಹೆಚ್ಚು ದುಡಿದಿಲ್ಲ ಎಂದು ಮಾಲೀಕರು ಭಾವಿಸುತ್ತಾರೆ. ಹಲವು ಕಂಪನಿಗಳ ಮಾಲೀಕರ ಕೈಪಿಡಿಗಳು ಇದೇ ಬಗೆಯ ಬಳಕೆಯನ್ನು 'ಕಠಿಣ ಬಳಕೆ'ಯ ಪಟ್ಟಿಗೆ ಸೇರಿಸಿ, ಆಯಿಲನ್ನು ಇನ್ನೂ ಬೇಗ ಬದಲಿಸುವಂತೆ ಸೂಚಿಸುತ್ತವೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಜಾರಿಯಾದಾಗ ವಾರಗಟ್ಟಲೆ ಕಾರುಗಳು ನಿಂತಲ್ಲಿಯೇ ನಿಂತವು. ಬ್ಯಾಟರಿ ಉಳಿಸಿಕೊಳ್ಳಲು ದಿನವೂ ಐದು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸುವ ರೂಢಿ ಆಗ ಹಲವರಿಗೆ ಅಂಟಿಕೊಂಡಿತು. ಇದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಎಂಜಿನ್ ಬಿಸಿಯಾಗುವ ಮೊದಲೇ ನಿಂತುಬಿಡುತ್ತದೆ. ಚಾಲೂ ಮಾಡಲು ಖರ್ಚಾದ ವಿದ್ಯುತ್ತು ಬ್ಯಾಟರಿಗೆ ಪೂರ್ತಿ ಮರಳುವ ಖಾತ್ರಿಯೂ ಇರುವುದಿಲ್ಲ. ಅದರ ಬದಲು ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ ಬರುವುದು ಎಂಜಿನ್, ಬ್ಯಾಟರಿ, ಬ್ರೇಕ್, ಟೈರ್ ಎಲ್ಲಕ್ಕೂ ಹಿತ.

ಕಿಲೋಮೀಟರ್ ಮತ್ತು ಗಂಟೆಯ ಲೆಕ್ಕ

ಟ್ರ್ಯಾಕ್ಟರ್ ಹೊಂದಿರುವ ರೈತರು ಆಯಿಲ್ ಬದಲಾವಣೆಯನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ. ಎಂಜಿನ್ ಎಷ್ಟು ಗಂಟೆ ದುಡಿದಿದೆ ಎಂಬುದೇ ಅವರ ಲೆಕ್ಕ. ಟ್ರ್ಯಾಕ್ಟರಿನ ಮೀಟರ್ ಕೂಡ ಅದನ್ನೇ ತೋರಿಸುತ್ತದೆ. ನಗರದ ಕಾರಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಗಂಟೆಗೆ ಸರಾಸರಿ 80 ಕಿ.ಮೀ. ವೇಗದಲ್ಲಿ ಹೆದ್ದಾರಿಯಲ್ಲಿ ಓಡುವ ಕಾರು 10,000 ಕಿ.ಮೀ. ಪೂರೈಸಲು ಅದರ ಎಂಜಿನ್ 125 ಗಂಟೆ ದುಡಿದರೆ ಸಾಕು. ಸಿಗ್ನಲ್, ದಟ್ಟಣೆಗಳ ನಡುವೆ ಸರಾಸರಿ 20 ಕಿ.ಮೀ. ವೇಗದಲ್ಲಿ ಸಾಗುವ ಕಾರಿಗೆ ಅಷ್ಟೇ ದೂರ ಕ್ರಮಿಸಲು 500 ಗಂಟೆ ಬೇಕು. ಓಡೋಮೀಟರ್ ಎರಡರಲ್ಲೂ ಒಂದೇ ಅಂಕಿ ತೋರಿಸುತ್ತದೆ. ಆಯಿಲ್ ಮಾತ್ರ ಒಂದರಲ್ಲಿ ನಾಲ್ಕು ಪಟ್ಟು ಹೊತ್ತು ದುಡಿದಿರುತ್ತದೆ.

ಇಂದಿನ ಬಹುತೇಕ ಪೆಟ್ರೋಲ್ ಕಾರುಗಳಿಗೆ ಕಂಪನಿಗಳು 10,000 ಕಿ.ಮೀ. ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕೆಂದು ಸೂಚಿಸುತ್ತವೆ. ಕೆಲವು ಮಾದರಿಗಳಿಗೆ ಬೇರೆ ಅವಧಿ ಇರುತ್ತದೆ. 'ಯಾವುದು ಮೊದಲೋ' ಎಂಬ ಪದಗಳನ್ನೇ ಹಲವರು ಗಮನಿಸುವುದಿಲ್ಲ. ವರ್ಷಕ್ಕೆ 3,000 ಕಿ.ಮೀ. ಮಾತ್ರ ಓಡಿಸುವವರಿಗೆ ಅನ್ವಯವಾಗುವುದು ವರ್ಷದ ಗಡುವು.

ಬೆಳಗಿನ ಮೊದಲ ನಿಮಿಷಗಳು

ಎಂಜಿನ್ನನ್ನು ನಿಂತಲ್ಲಿಯೇ ಐದು ಹತ್ತು ನಿಮಿಷ ಬಿಸಿ ಮಾಡಿ ಹೊರಡಬೇಕು ಎಂಬುದು ಹಿರಿಯರು ಹೇಳುತ್ತಾ ಬಂದ ಮಾತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800 ಕಾರುಗಳ ಕಾಲಕ್ಕೆ ಅದು ಸರಿಯಾಗಿತ್ತು. ಅವು ಕಾರ್ಬ್ಯುರೇಟರ್ ಕಾರುಗಳು. ಚೋಕ್ ಎಳೆದು, ಎಂಜಿನ್ ಹದಕ್ಕೆ ಬರುವವರೆಗೆ ಕಾಯದಿದ್ದರೆ ತಿರುವಿನಲ್ಲಿ ಕಾರು ಕೆಮ್ಮಿ ನಿಂತುಬಿಡುತ್ತಿತ್ತು. ಇಂದಿನ ಕಾರುಗಳಲ್ಲಿ ಸೆನ್ಸರ್‌ಗಳು ಉಷ್ಣಾಂಶವನ್ನು ಅಳೆದು ಇಂಧನದ ಪ್ರಮಾಣವನ್ನು ತಾವೇ ನಿರ್ಧರಿಸುತ್ತವೆ. ನಿಂತಲ್ಲಿ ಕಾಯುವುದರಿಂದ ಎಂಜಿನ್ ನಿಧಾನವಾಗಿ ಬಿಸಿಯಾಗುತ್ತದೆ. ಅಂದರೆ ಪೆಟ್ರೋಲ್ ಹೆಚ್ಚಾಗಿ ಹರಿಯುವ ಹಂತ ಇನ್ನಷ್ಟು ದೀರ್ಘವಾಗುತ್ತದೆ.

ಈಗಿನ ಕಾರುಗಳಿಗೆ ಹೊಂದುವ ಕ್ರಮ ಸರಳವಾದದ್ದು. ಇಗ್ನಿಷನ್ ಆನ್ ಮಾಡಿ ಎಚ್ಚರಿಕೆ ದೀಪಗಳು ಬೆಳಗುವುದನ್ನು ನೋಡಬೇಕು. ಡೀಸೆಲ್ ಕಾರಾದರೆ ಸುರುಳಿಯಾಕಾರದ ಗ್ಲೋ ಪ್ಲಗ್ ದೀಪ ಆರುವವರೆಗೆ ಕಾಯಬೇಕು. ಆಕ್ಸಿಲರೇಟರ್ ತುಳಿಯದೆ ಚಾಲೂ ಮಾಡಬೇಕು. ಎಣ್ಣೆಯ ಡಬ್ಬಿಯ ಚಿತ್ರವಿರುವ ಕೆಂಪು ದೀಪ ಕ್ಷಣಮಾತ್ರದಲ್ಲಿ ಆರಬೇಕು. ಆರದಿದ್ದರೆ ಅಥವಾ ಓಡುವಾಗ ಮತ್ತೆ ಬೆಳಗಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕೂಡಲೇ ಎಂಜಿನ್ ಆಫ್ ಮಾಡಬೇಕು. ಅದು ಆಯಿಲ್‌ನ ಒತ್ತಡ ಕುಸಿದಿರುವ ಸೂಚನೆ. 'ಗ್ಯಾರೇಜ್‌ವರೆಗೆ ಹೇಗೋ ಓಡಿಸಿಬಿಡೋಣ' ಎಂದು ಮುಂದುವರಿದರೆ ಕೆಲವೇ ನಿಮಿಷಗಳಲ್ಲಿ ಬೇರಿಂಗ್‌ಗಳು ಕಚ್ಚಿಕೊಳ್ಳಬಹುದು.

ಚಾಲೂ ಆದ ನಂತರ ಸೀಟ್ ಬೆಲ್ಟ್ ಹಾಕಿ, ಕನ್ನಡಿ ಸರಿಪಡಿಸಿಕೊಳ್ಳುವಷ್ಟು ಹೊತ್ತು, ಅಂದರೆ ಅರ್ಧ ನಿಮಿಷ ಸಾಕು. ಅನಂತರ ನಿಧಾನವಾಗಿ ಹೊರಡಬಹುದು. ಮೊದಲ ನಾಲ್ಕೈದು ಕಿಲೋಮೀಟರ್ ಎಂಜಿನ್ ವೇಗವನ್ನು 2,000ದಿಂದ 2,500 ಆರ್‌ಪಿಎಂ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಹಲವು ಕಾರುಗಳಲ್ಲಿ ಎಂಜಿನ್ ತಣ್ಣಗಿದೆ ಎಂದು ಸೂಚಿಸುವ ನೀಲಿ ದೀಪವಿರುತ್ತದೆ. ಅದು ಆರಿದ ಮೇಲೂ ಕೆಲವು ನಿಮಿಷ ಸಂಯಮ ಬೇಕು. ಗೇಟು ದಾಟಿದ ಕೂಡಲೇ ಫ್ಲೈಓವರ್ ಏರಿ ಆಕ್ಸಿಲರೇಟರ್ ಪೂರ್ತಿ ಒತ್ತುವುದು, ಚಾಲೂ ಮಾಡಿದೊಡನೆ ನಿಂತಲ್ಲಿಯೇ ಜೋರಾಗಿ ರೇಸ್ ಮಾಡುವುದು ಎರಡೂ ಎಂಜಿನ್ನಿಗೆ ಪೆಟ್ಟು.

ನಿಂತಲ್ಲಿ ಬಿಸಿ ಮಾಡುವುದರಲ್ಲಿ ಜೀವಕ್ಕೆ ಎರವಾಗುವ ಅಪಾಯವೂ ಇದೆ. ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ತಲುಪಿದ ಮೇಲಷ್ಟೇ ಕೆಲಸ ಆರಂಭಿಸುತ್ತದೆ. ಅಲ್ಲಿಯವರೆಗೆ ಹೊರಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗಿರುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ಒಳಗೇ ಇರುವುದು ಪ್ರಾಣಾಪಾಯಕ್ಕೆ ಆಹ್ವಾನ. ಗಾಳಿಯಾಡದ ನೆಲಮಾಳಿಗೆಯಲ್ಲೂ ಇದೇ ಎಚ್ಚರ ಬೇಕು.

ಟರ್ಬೊ ಎಂಜಿನ್ ಇರುವ ಕಾರುಗಳಲ್ಲಿ ನಿಲ್ಲಿಸುವಾಗಲೂ ಎಚ್ಚರ ಅಗತ್ಯ. ಟರ್ಬೊದ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಬಾರಿ ತಿರುಗುತ್ತದೆ. ಅದರ ಬೇರಿಂಗ್‌ಗೆ ಆಸರೆ ಇದೇ ಎಂಜಿನ್ ಆಯಿಲ್. ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಹತ್ತಿ ಬಂದು ಕಾಫಿಗೆಂದು ನಿಲ್ಲಿಸಿದ ತಕ್ಷಣ ಎಂಜಿನ್ ಆಫ್ ಮಾಡಿದರೆ, ಕಾದ ಟರ್ಬೊದೊಳಗೆ ಉಳಿದ ಆಯಿಲ್ ಸುಟ್ಟು ಕರಿಕಟ್ಟುವ ಸಂಭವವಿದೆ. ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ನಿಲ್ಲಿಸಿದರೆ ಅದನ್ನು ತಪ್ಪಿಸಬಹುದು.

ಮೊದಲ ಸಾವಿರ ಕಿಲೋಮೀಟರ್

ಹೊಸ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಇನ್ನೂ ಪೂರ್ತಿ ಹೊಂದಿಕೊಂಡಿರುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಮೊದಲ 1,000 ಕಿ.ಮೀ.ವರೆಗೆ ಪೂರ್ತಿ ಆಕ್ಸಿಲರೇಟರ್ ಒತ್ತಬಾರದು, ತುಂಬಾ ಹೊತ್ತು ಒಂದೇ ವೇಗದಲ್ಲಿ ಓಡಿಸಬಾರದು ಎಂಬ ಸಲಹೆ ಕೈಪಿಡಿಗಳಲ್ಲಿ ಇರುತ್ತದೆ. ಮೇಲಿನ ಗೇರಿನಲ್ಲಿ ತೀರಾ ಕಡಿಮೆ ವೇಗದಲ್ಲಿ ಎಂಜಿನ್ ನರಳುವಂತೆ ಎಳೆಸುವುದೂ ಒಳ್ಳೆಯದಲ್ಲ. ವೇಗವನ್ನು ಹದವಾಗಿ ಏರಿಸುತ್ತಾ ಇಳಿಸುತ್ತಾ ಓಡಿಸಿದರೆ ರಿಂಗ್‌ಗಳು ಚೆನ್ನಾಗಿ ಕೂರುತ್ತವೆ.

ಮೊದಲ ಉಚಿತ ಸರ್ವಿಸ್‌ನಲ್ಲಿ ಆಯಿಲ್ ಬದಲಿಸಲಿಲ್ಲ ಎಂದು ಅಸಮಾಧಾನಗೊಳ್ಳುವವರಿದ್ದಾರೆ. ಹಿಂದೆ ಹೊಸ ಎಂಜಿನ್ನಿನಿಂದ ಉದುರುವ ಲೋಹದ ಕಣಗಳನ್ನು ಹೊರಹಾಕಲು ಬೇಗನೆ ಆಯಿಲ್ ಬದಲಿಸುವುದು ವಾಡಿಕೆಯಾಗಿತ್ತು. ಬಿಡಿಭಾಗಗಳ ತಯಾರಿಕೆ ನಿಖರವಾದಂತೆ ಅದರ ಅಗತ್ಯ ಕಡಿಮೆಯಾಗಿದೆ. ಹಲವು ಕಂಪನಿಗಳು ಮೊದಲ ಸರ್ವಿಸ್ ಅನ್ನು ತಪಾಸಣೆಗೆ ಸೀಮಿತಗೊಳಿಸಿವೆ. ಕಾರ್ಖಾನೆಯಲ್ಲಿ ತುಂಬಿದ ಆಯಿಲನ್ನು ನಿಗದಿತ ಅವಧಿಯವರೆಗೆ ಬದಲಿಸಬಾರದೆಂದು ಕೈಪಿಡಿ ಹೇಳಿದ್ದರೆ ಅದನ್ನು ಪಾಲಿಸಬೇಕು. ಹಾಗಿಲ್ಲದಿದ್ದರೆ, ತೃಪ್ತಿಗಾಗಿ ಸ್ವಂತ ಖರ್ಚಿನಲ್ಲಿ ಬೇಗ ಬದಲಿಸುವುದರಿಂದ ಹಾನಿಯೇನೂ ಇಲ್ಲ.

ಡಬ್ಬಿಯ ಮೇಲಿನ ಅಂಕಿಗಳು

ಆಯಿಲ್ ಡಬ್ಬಿಯ ಮೇಲೆ 0ಡಬ್ಲ್ಯು-20, 5ಡಬ್ಲ್ಯು-30, 20ಡಬ್ಲ್ಯು-40 ಎಂಬಂಥ ಗುರುತುಗಳಿರುತ್ತವೆ. ಮೊದಲ ಅಂಕಿ ತಣ್ಣಗಿದ್ದಾಗಿನ ಹರಿವನ್ನೂ, ಎರಡನೆಯದು 100 ಡಿಗ್ರಿ ಬಿಸಿಯಲ್ಲಿನ ದಪ್ಪವನ್ನೂ ಸೂಚಿಸುತ್ತದೆ. 'ಡಬ್ಲ್ಯು' ಎಂದರೆ ಚಳಿಗಾಲ. ಮೊದಲ ಅಂಕಿ ಕಡಿಮೆಯಾದಷ್ಟೂ ಆಯಿಲ್ ತಣ್ಣಗಿನ ಎಂಜಿನ್ನಿನಲ್ಲಿ ಬೇಗ ಮೇಲೇರುತ್ತದೆ.

'ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಒಳ್ಳೆಯದು' ಎಂಬ ಸಲಹೆ ಕೆಲವು ಗ್ಯಾರೇಜ್‌ಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಹಳೆಯ ಎಂಜಿನ್‌ಗಳ ಮಟ್ಟಿಗೆ ಅದರಲ್ಲಿ ಹುರುಳಿತ್ತು. ಆದರೆ 0ಡಬ್ಲ್ಯು-20 ಆಯಿಲ್‌ಗೆಂದು ರೂಪಿಸಿದ ಎಂಜಿನ್ನಿಗೆ 20ಡಬ್ಲ್ಯು-40 ತುಂಬಿದರೆ, ಬೆಳಗಿನ ಹೊತ್ತು ಅದು ಎರಡು ಪಟ್ಟಿಗೂ ಹೆಚ್ಚು ಮಂದವಾಗಿ ಹರಿಯುತ್ತದೆ. ಇಂದಿನ ಎಂಜಿನ್‌ಗಳಲ್ಲಿ ವಾಲ್ವ್‌ಗಳು ತೆರೆಯುವ ಸಮಯವನ್ನು ಬದಲಿಸುವ ವ್ಯವಸ್ಥೆಯೂ ಬಹುಮಟ್ಟಿಗೆ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ದಪ್ಪ ಆಯಿಲ್ ಅದರ ಲಯವನ್ನೂ ಕೆಡಿಸಬಹುದು.

ದಪ್ಪದ ಜೊತೆಗೆ ಗುಣಮಟ್ಟದ ಗುರುತನ್ನೂ ನೋಡಬೇಕು. ಪೆಟ್ರೋಲ್ ಎಂಜಿನ್ ಆಯಿಲ್‌ಗಳಿಗೆ ಅಮೆರಿಕದ ಎಪಿಐ ಸಂಸ್ಥೆ ನೀಡುವ ಶ್ರೇಣಿಗಳಲ್ಲಿ 'ಎಸ್‌ಎನ್' 2010ರಲ್ಲೂ, 'ಎಸ್‌ಪಿ' 2020ರಲ್ಲೂ, 'ಎಸ್‌ಕ್ಯೂ' 2025ರಲ್ಲೂ ಬಂದವು. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಶ್ರೇಣಿ ಹೊಸದು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ನಂತರದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅವುಗಳಿಗೆ ಕಡಿಮೆ ಬೂದಿ ಉಳಿಸುವ ವಿಶೇಷ ಆಯಿಲ್ ಬೇಕು. ಸಾಮಾನ್ಯ ಆಯಿಲ್ ಬಳಸಿದರೆ ದುಬಾರಿಯಾದ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಆಯಿಲ್ ಬದಲಿಸಿದಾಗಲೆಲ್ಲ ಆಯಿಲ್ ಫಿಲ್ಟರನ್ನೂ ಬದಲಿಸಬೇಕು. ಹಲವು ಫಿಲ್ಟರ್‌ಗಳೊಳಗೆ, ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಸೋರದಂತೆ ತಡೆಯುವ ರಬ್ಬರ್ ಕವಾಟವಿರುತ್ತದೆ. ಅಗ್ಗದ ಅಥವಾ ನಕಲಿ ಫಿಲ್ಟರಿನಲ್ಲಿ ಈ ಕವಾಟ ಕೈಕೊಟ್ಟರೆ ಪ್ರತಿ ಬೆಳಿಗ್ಗೆ ಆಯಿಲ್ ತಲುಪುವುದು ತಡವಾಗುತ್ತದೆ. ಚಾಲೂ ಮಾಡಿದ ಕ್ಷಣದಲ್ಲಿ ಕೇಳುವ ಕಟಕಟ ಸದ್ದಿಗೆ ಇದೂ ಒಂದು ಕಾರಣ.

ಡಿಪ್‌ಸ್ಟಿಕ್ ಹೇಳುವುದೇನು?

ಹೊಸ ಕಾರಾದರೂ ತಿಂಗಳಿಗೊಮ್ಮೆ ಆಯಿಲ್ ಮಟ್ಟ ನೋಡುವುದು ಉತ್ತಮ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಐದಾರು ನಿಮಿಷ ಬಿಡಬೇಕು. ಡಿಪ್‌ಸ್ಟಿಕ್ ಹೊರತೆಗೆದು ಒರೆಸಿ, ಮತ್ತೆ ಪೂರ್ತಿ ಒಳಗಿಟ್ಟು ತೆಗೆದಾಗ ಆಯಿಲ್ ಗುರುತು ಎರಡು ಗೆರೆಗಳ ನಡುವೆ ಇರಬೇಕು. ಕೆಳಗಿನ ಗೆರೆಗಿಂತ ಕಡಿಮೆ ಇರುವುದೂ, ಮೇಲಿನದನ್ನು ದಾಟುವುದೂ ಅಪಾಯಕಾರಿ.

ಬಣ್ಣ ನೋಡಿ ಗಾಬರಿಯಾಗಬೇಕಿಲ್ಲ. ಡೀಸೆಲ್ ಕಾರಿನ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಅದು ಹಿಡಿದಿಟ್ಟುಕೊಂಡಿದೆ ಎಂದು ತಿಳಿಯಬೇಕು. ಆದರೆ ಡಿಪ್‌ಸ್ಟಿಕ್ ಮೇಲಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಅಥವಾ ಕೂಲೆಂಟ್ ಸೇರಿದೆ ಎಂದರ್ಥ. ಕೂಡಲೇ ತಪಾಸಣೆ ಮಾಡಿಸಬೇಕು. ಆಯಿಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಮಾತ್ರ ತೆಳುವಾದ ಕೆನೆಯಂಥ ಪದರ ಕಂಡರೆ, ಅದು ಚಿಕ್ಕ ಚಿಕ್ಕ ಓಟಗಳಿಂದ ಸೇರಿದ ತೇವ ಇರಬಹುದು. ಆಯಿಲ್ ಮಟ್ಟ ತಾನಾಗಿಯೇ ಏರುತ್ತಿದ್ದರೆ, ಇಂಧನದ ವಾಸನೆ ಬರುತ್ತಿದ್ದರೆ ಅದಕ್ಕೆ ಪೆಟ್ರೋಲ್ ಅಥವಾ ಡೀಸೆಲ್ ಬೆರೆಯುತ್ತಿದೆ ಎಂದು ಅನುಮಾನಿಸಬೇಕು. ಸದಾ ದಟ್ಟಣೆಯಲ್ಲೇ ಓಡುವ ಬಿಎಸ್-6 ಡೀಸೆಲ್ ಕಾರುಗಳಲ್ಲಿ, ಫಿಲ್ಟರಿನ ಮಸಿ ಸುಡುವ ಪ್ರಕ್ರಿಯೆ ಮತ್ತೆ ಮತ್ತೆ ಅರ್ಧಕ್ಕೆ ನಿಂತಾಗ ಹೀಗಾಗುತ್ತದೆ.

ವಾರಂಟಿಗೆ ರಸೀದಿಯೇ ಸಾಕ್ಷಿ

ಇಷ್ಟೆಲ್ಲ ಎಚ್ಚರ ವಹಿಸಿದರೂ ಎಂಜಿನ್ ಕೆಟ್ಟರೆ ನೆರವಿಗೆ ಬರಬೇಕಾದದ್ದು ವಾರಂಟಿ. ಆದರೆ ನಿಗದಿತ ಸರ್ವಿಸ್ ತಪ್ಪಿಸಿದ್ದರೆ ಅಥವಾ ಕೈಪಿಡಿಯಲ್ಲಿ ಸೂಚಿಸದ ಆಯಿಲ್ ಬಳಸಿದ್ದರೆ ಕಂಪನಿ ಹೊಣೆ ಹೊರಲು ನಿರಾಕರಿಸಬಹುದು. ಒಂದು ಬಾರಿಯ ಆಯಿಲ್ ಬದಲಾವಣೆಗೆ ಕೆಲವು ಸಾವಿರ ರೂಪಾಯಿ ಸಾಕು. ಎಂಜಿನ್ ಬಿಚ್ಚಿ ಕೂರಿಸುವ ಖರ್ಚು ಅದರ ಹತ್ತಾರು ಪಟ್ಟು.

ಬಿಲ್ಲಿನಲ್ಲಿ ದಿನಾಂಕ, ಓಡೋಮೀಟರ್ ಅಂಕಿ, ಆಯಿಲ್‌ನ ದರ್ಜೆ, ಎಷ್ಟು ಲೀಟರ್, ಫಿಲ್ಟರಿನ ವಿವರ ಎಲ್ಲವೂ ಸ್ಪಷ್ಟವಾಗಿ ನಮೂದಾಗಿರುವಂತೆ ನೋಡಿಕೊಳ್ಳಬೇಕು. ಸಾಧ್ಯವಾದರೆ ಮೊಹರು ಒಡೆಯದ ಡಬ್ಬಿಯನ್ನು ಕಣ್ಣೆದುರೇ ತೆರೆಸಬೇಕು. ಎಂಜಿನ್ ಫ್ಲಷ್, ಆಯಿಲ್‌ಗೆ ಸೇರಿಸುವ ವಿಶೇಷ ದ್ರವ ಮುಂತಾದವನ್ನು ಪಟ್ಟಿಗೆ ಸೇರಿಸಿದ್ದರೆ, ಅವು ಕೈಪಿಡಿಯಲ್ಲಿ ಎಲ್ಲಿವೆ ಎಂದು ಕೇಳುವ ಹಕ್ಕು ಗ್ರಾಹಕರಿಗಿದೆ. ಇಲ್ಲದಿದ್ದರೆ ಬೇಡವೆನ್ನಬಹುದು. ವಿವಾದ ಉಂಟಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋಗಲು ಅವಕಾಶವಿದೆ. ಅಲ್ಲಿಯೂ ಬೇಕಾಗುವುದು ಇದೇ ಕಾಗದಪತ್ರಗಳು.

ಹೊರತೆಗೆದ ಹಳೆಯ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ, ಖಾಲಿ ನಿವೇಶನಕ್ಕೆ ಸುರಿಯುವಂತಿಲ್ಲ. ಮನೆಯಂಗಳದಲ್ಲಿಯೇ ಆಯಿಲ್ ಬದಲಿಸಿಕೊಳ್ಳುವವರು ಹಳೆಯದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಅದನ್ನು ಅಧಿಕೃತ ಮರುಸಂಸ್ಕರಣೆಗೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು.

ನೆನಪಿಡಬೇಕಾದ ಅಂಶಗಳು

* ಕಿಲೋಮೀಟರ್ ಪೂರೈಸದಿದ್ದರೂ ಕೈಪಿಡಿ ಹೇಳಿದ ಅವಧಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ.
* ಚಾಲೂ ಮಾಡಿ ಅರ್ಧ ನಿಮಿಷದ ನಂತರ ಹೊರಡಿ, ಮೊದಲ ನಾಲ್ಕೈದು ಕಿ.ಮೀ. ಸಾವಧಾನವಾಗಿ ಓಡಿಸಿ.
* ಕಾರು ಹೆಚ್ಚಾಗಿ ನಿಂತೇ ಇರುವುದಾದರೆ ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ.
* ಕೆಂಪು ಆಯಿಲ್ ದೀಪ ಬೆಳಗಿದರೆ ಒಂದು ಕಿಲೋಮೀಟರ್ ಕೂಡ ಮುಂದುವರಿಯಬೇಡಿ.
* ಯಾರು ಏನೇ ಸಲಹೆ ನೀಡಲಿ, ಆಯಿಲ್‌ನ ದರ್ಜೆಯ ವಿಷಯದಲ್ಲಿ ಕೈಪಿಡಿಯ ಮಾತೇ ಅಂತಿಮ.
* ಪ್ರತಿ ಸರ್ವಿಸ್‌ನ ಬಿಲ್ಲನ್ನು ಜೋಪಾನವಾಗಿಡಿ. ಕಾರು ಮಾರುವ ದಿನವೂ ಅದು ಬೆಲೆ ತಂದುಕೊಡುತ್ತದೆ.